ಸುಟ್ಟ ಗುಡ್ಡೆಗೆ ಕಾಡು ಬೆಳೆಸಿಕೊಡುವ ಸೇವೆ: ಮೂರು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಕಾಸರಗೋಡು ಜಿಲ್ಲೆ ಕರ್ನಾಟಕಕ್ಕೆ ತಾಗಿಕೊಂಡಿರುವ ಕಡೆ, ನಮ್ಮ ಅಡಿಕೆ ತೋಟದ ತಲೆಯ ಮೇಲೆ ನಾಲ್ಕು ಎಕರೆಯಷ್ಟು ಗುಡ್ಡೆ ಇದೆ. ಅಜ್ಜನ ಕಾಲದಿಂದ ತೋಟಕ್ಕೆ ಸೊಪ್ಪು, ತರಗೆಲೆ ಕೊಟ್ಟದ್ದು ಅದೇ. ಅದರ ಬುಡದಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ಇಂದಿಗೂ ಮನೆಯಲ್ಲಿ ಕುಡಿಯುತ್ತೇವೆ. 2022ರ ಕುಂಭ ಮಾಸದ ಒಂದು ಮಧ್ಯಾಹ್ನ, ಮೇಲಿನ ಪದವಿನಲ್ಲಿ, ಅಂದರೆ ಹುಲ್ಲುಬಯಲಿನಲ್ಲಿ, ಒಣಗಿ ನಿಂತಿದ್ದ ಮುಳಿಹುಲ್ಲಿಗೆ ಹಿಡಿದ ಕಿಚ್ಚು ಗಾಳಿಯ ಜೊತೆ ಕೆಳಗಿಳಿದು, ಕತ್ತಲಾಗುವಷ್ಟರಲ್ಲಿ ನಾಗಬನವೊಂದನ್ನು ಬಿಟ್ಟು ಇಡೀ ಗುಡ್ಡೆಯನ್ನು ಕರಿ ಮಾಡಿತು. ಅದಾಗಿ ಒಂದು ತಿಂಗಳೊಳಗೆ, "ಸುಟ್ಟ ಕಾಡಿನ ಮರುನಿರ್ಮಾಣ" ಮಾಡಿಕೊಡುವ ಒಂದು ಖಾಸಗಿ ಸಂಸ್ಥೆಯ ಸೇವೆಯನ್ನು ನಾನು ಕೊಂಡೆ. ಕರಾರಿನ ಎರಡು ವರ್ಷ ಮುಗಿದು, ಮೂರು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೊದಲ ಮಳೆಗಾಲದ ಕೊನೆಯಲ್ಲಿ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆಗ ಬರೆಯದಿದ್ದುದು ಒಳ್ಳೆಯದಾಯಿತು.

ಸೇವೆಯ ವಿವರ ಹೀಗಿದೆ. ಸುಟ್ಟ ಮರಗಳನ್ನು ಕಡಿದು ಜಾಗ ಶುಚಿ ಮಾಡುವುದು, ಇಳಿಜಾರಿಗೆ ಅಡ್ಡಲಾಗಿ ಕಣಿ ತೋಡುವುದು, 1,500 ಸಸಿ ನೆಡುವುದು, ವರ್ಷಕ್ಕೊಮ್ಮೆ ಕಳೆ ಸವರುವುದು, ಬೇಸಗೆಗೆ ಮೊದಲು ಗಡಿಯ ಸುತ್ತ ಬೆಂಕಿ ದಾಟದಂತೆ ಬೋಳು ಪಟ್ಟಿ, ಅಂದರೆ ಬೆಂಕಿ ರೇಖೆ, ಮಾಡುವುದು, ಆರು ತಿಂಗಳಿಗೊಮ್ಮೆ ಚಿತ್ರಸಹಿತ ವರದಿ ಕೊಡುವುದು. ಎಲ್ಲ ಸೇರಿ 1,60,000 ರೂಪಾಯಿ, ಮೂರು ಕಂತಿನಲ್ಲಿ. ಇದರಲ್ಲಿ ಮುಕ್ಕಾಲು ಪಾಲು ಹಣ ಹೋದದ್ದು ಸಸಿಗಳಿಗೆ ಮತ್ತು ಶುಚಿ ಮಾಡುವ ಕೆಲಸಕ್ಕೆ. ಗುಡ್ಡೆಗೆ ನಿಜವಾಗಿ ಉಪಕಾರವಾದದ್ದು ಉಳಿದ ಕಾಲು ಪಾಲಿನಿಂದ. ನನ್ನ ತಕರಾರೆಲ್ಲ ಈ ಲೆಕ್ಕದ ಸುತ್ತಲೇ ಇದೆ.

ಅವರು ಕೊಟ್ಟ ಕೈಪಿಡಿಯಲ್ಲಿ ಎರಡು ದೊಡ್ಡ ಚಿತ್ರಗಳಿದ್ದವು. ಒಂದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಎಳೆ ಪೈನ್ ಮರಗಳದು. ಇನ್ನೊಂದು, ಕರಕಲಾದ ಕಾಂಡದ ಉದ್ದಕ್ಕೂ ರೋಮದಂತೆ ಚಿಗುರು ಹೊರಟ ಆಸ್ಟ್ರೇಲಿಯಾದ ನೀಲಗಿರಿ ಮರದ್ದು. ಅವುಗಳ ಕೆಳಗೆ "ಕಾಡು ಮರಳಿ ಬರುತ್ತದೆ, ನಾವು ತರುತ್ತೇವೆ" ಎಂದು ಅಚ್ಚು ಮಾಡಿದ್ದರು. ನಾನು ಮರುಳಾದದ್ದು ಆ ಚಿತ್ರಗಳಿಗೇ. ಆಮೇಲೆ ಆ ಎರಡು ಕಾಡುಗಳ ಬಗ್ಗೆ ಓದಿದಾಗ ಗೊತ್ತಾದದ್ದು ಏನೆಂದರೆ, ಆ ಎರಡೂ ಚಿತ್ರಗಳಲ್ಲಿರುವ ಹಸಿರನ್ನು ಯಾರೂ ನೆಟ್ಟದ್ದಲ್ಲ. 1988ರ ಬೇಸಗೆಯಲ್ಲಿ ಯೆಲ್ಲೋಸ್ಟೋನ್‌ನ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು, ಅಂದರೆ ಸುಮಾರು 3.2 ಲಕ್ಷ ಹೆಕ್ಟೇರ್, ಬೆಂಕಿಗೆ ಸಿಕ್ಕಿತು. ಉದ್ಯಾನವೇ ಮುಗಿಯಿತೆಂದು ಪತ್ರಿಕೆಗಳು ಆಗ ಬರೆದಿದ್ದವು. ಆದರೆ ಅಲ್ಲಿನ ಲಾಜ್‌ಪೋಲ್ ಪೈನ್ ಮರದ ಎಷ್ಟೋ ಕಾಯಿಗಳು ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಮರದಲ್ಲೇ ಇರುತ್ತವೆ. ಬೆಂಕಿಯ ಕಾವಿಗೆ ರಾಳ ಕರಗಿದ ಮೇಲೆಯೇ ಬಾಯಿಬಿಟ್ಟು ಬೀಜ ಉದುರಿಸುತ್ತವೆ. ತಾಯಿಮರ ಸತ್ತರೂ ಬೂದಿಯ ಮೇಲೆ ಬೀಜ ಬಿದ್ದು, ನೆಡುವವರಿಲ್ಲದೆಯೇ ಹೊಸ ಕಾಡು ಎದ್ದಿತು. ಆಸ್ಟ್ರೇಲಿಯಾದ ಕಥೆ ಬೇರೆ. ನೀಲಗಿರಿಯ ಹಲವು ಜಾತಿಗಳಲ್ಲಿ ದಪ್ಪ ತೊಗಟೆಯ ಅಡಿಯಲ್ಲಿ ಮೊಗ್ಗುಗಳು ಮಲಗಿರುತ್ತವೆ. ಎಲೆಯೆಲ್ಲ ಸುಟ್ಟುಹೋದಾಗ ಅವು ಎಚ್ಚೆತ್ತುಕೊಳ್ಳುತ್ತವೆ. 2019-20ರ ಭೀಕರ ಕಾಡ್ಗಿಚ್ಚಿನ ನಂತರ ಕೆಲವೇ ವಾರಗಳಲ್ಲಿ ಅಲ್ಲಿ ಕಂಡ ಹಸಿರು ಈ ಬಗೆಯದು. ನೆಡದೇ ಬಂದ ಕಾಡಿನ ಚಿತ್ರ ತೋರಿಸಿ ನೆಡುವ ಸೇವೆಯನ್ನು ಮಾರುವುದು ಜಾಣತನವೆಂದು ಒಪ್ಪಬೇಕು.

ಕೆಲಸ ಶುರುವಾದದ್ದು ವಿಷು ಕಳೆದ ವಾರ. ಆರು ಜನ ಆಳುಗಳು, ಒಬ್ಬ ಮೇಸ್ತ್ರಿ, ಒಂದು ಮರ ಕೊಯ್ಯುವ ಯಂತ್ರ. ಗುಡ್ಡೆಯಲ್ಲಿ ಕರ್ರಗೆ ನಿಂತಿದ್ದ ಮರಗಳಿಗೆಲ್ಲ ಸುಣ್ಣದ ಗುರುತು ಹಾಕುತ್ತ ಮೇಸ್ತ್ರಿ ಮೇಲೆ ಹತ್ತುತ್ತಿದ್ದರು. ನಮ್ಮಲ್ಲಿ ಮೂವತ್ತು ವರ್ಷದಿಂದ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಅಂದು ಜೊತೆಗಿದ್ದರು. ಸೊಂಟದ ಕತ್ತಿ ತೆಗೆದು, ಗುರುತು ಹಾಕಿದ ಒಂದು ಕರಿಮತ್ತಿಯ ಬುಡದಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ, ತೊಗಟೆಯನ್ನು ನಿಧಾನವಾಗಿ ಕೆತ್ತಿದರು. ಮೇಲಿನ ಇದ್ದಿಲು ಪುಡಿಪುಡಿಯಾಗಿ ಬಿತ್ತು. ಅದರ ಕೆಳಗೆ ಬೆರಳಿನಷ್ಟು ದಪ್ಪದ ಕಂದು ತೊಗಟೆ. ಅದರೊಳಗೆ, ಉಗುರು ತಾಗಿಸಿದರೆ ತಣ್ಣಗೆ ಹತ್ತುವ, ಎಳೆ ಗೇರುಬೀಜದ ಬಣ್ಣದ ಒಂದು ಹಸಿ ಪದರ. "ಅಣ್ಣಾ, ಇದು ಸತ್ತದ್ದಲ್ಲ. ಕಡಿಸುವುದು ಬೇಡ. ಎರಡು ಮಳೆ ಬರಲಿ, ಆಮೇಲೆ ನೋಡುವ" ಎಂದರು. ಮೇಸ್ತ್ರಿ, ಕರಾರಿನಲ್ಲಿ ಶುಚಿ ಮಾಡುವುದು ಸೇರಿದೆ, ಕೆಲಸ ಬಿಟ್ಟರೆ ತಮಗೆ ಬಿಲ್ಲಾಗುವುದಿಲ್ಲ ಎಂದರು. ನಾನು ಆ ದಿನ ಅರ್ಧ ಅವರ ಮಾತು, ಅರ್ಧ ಇವರ ಮಾತು ಕೇಳಿದೆ. ಕೆಳಗಿನ ಎರಡು ಎಕರೆ ಕಡಿಸಿದೆ, ಮೇಲಿನ ಎರಡು ಎಕರೆಗೆ ಯಂತ್ರ ಹತ್ತಲು ಬಿಡಲಿಲ್ಲ. ಹೇಡಿತನದಿಂದ ಮಾಡಿದ ಆ ಪಾಲು ಹಂಚಿಕೆಯೇ ಕೊನೆಗೆ ನನಗೆ ಸಿಕ್ಕ ಒಳ್ಳೆಯ ಪಾಠಶಾಲೆಯಾಯಿತು, ಏಕೆಂದರೆ ಒಂದೇ ಗುಡ್ಡೆಯಲ್ಲಿ ಎರಡು ಬಗೆಯನ್ನು ಅಕ್ಕಪಕ್ಕದಲ್ಲಿ ನೋಡುವ ಅವಕಾಶ ಬಂತು.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯ ಮರಗಳಿಗೆ ಪೈನ್ ಮರದ ರಾಳದ ಕಾಯಿಯೂ ಇಲ್ಲ, ನೀಲಗಿರಿಯಂತೆ ಕಾಂಡದುದ್ದಕ್ಕೂ ಚಿಗುರುವ ಅಭ್ಯಾಸವೂ ಅಷ್ಟಾಗಿ ಇಲ್ಲ. ಇವುಗಳ ಬಂಡವಾಳವಿರುವುದು ನೆಲದೊಳಗೆ. ಮಣ್ಣು ಶಾಖವನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹುಲ್ಲಿನ ಬೆಂಕಿ ಓಡಿಹೋದ ಜಾಗದಲ್ಲಿ ಎರಡು ಮೂರು ಅಂಗುಲ ಕೆಳಗೆ ಬೇರಿಗೆ ಬೆಂಕಿ ಬಂದದ್ದೇ ಗೊತ್ತಾಗುವುದಿಲ್ಲ ಎಂದರೂ ಸರಿ. ಬೇರು ಮತ್ತು ಕಾಂಡ ಕೂಡುವ ಕತ್ತಿನ ಭಾಗದಲ್ಲಿರುವ ಮೊಗ್ಗುಗಳು, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ತಿಂದು ಮೇಲೆ ಬರುತ್ತವೆ. ನಮ್ಮ ಕಡೆ ದಡ್ಡಾಲ ಎನ್ನುವ ಕೌಲು ಮರ ಇದರಲ್ಲಿ ಎಲ್ಲರಿಗಿಂತ ಮುಂದು; ಅದರ ತೊಗಟೆಯೂ ದಪ್ಪ, ಮೊಂಡುತನವೂ ದಪ್ಪ. ಜೂನ್ ಹತ್ತರ ಹೊತ್ತಿಗೆ ದಡ್ಡಾಲ ಚಿಗುರಿತ್ತು. ಹಿಂದೆಯೇ ಇರೂಳು, ಕರಿಮತ್ತಿ, ನೇರಳೆ. ಕೇಪಳದ ಪೊದೆಗಳು ಸುಟ್ಟ ಕಡ್ಡಿಗಳ ನಡುವಿನಿಂದಲೇ ಕೆಂಪು ಚಿಗುರು ಬಿಟ್ಟವು. ಊರಿಗೆ ಹೆಸರು ಕೊಟ್ಟದ್ದೆಂದು ಹಿರಿಯರು ಹೇಳುವ ಕಾಸರಕವೂ ಬುಡದಿಂದ ಎದ್ದಿತು. ಮೇಲಿನ ಎರಡು ಎಕರೆಯಲ್ಲಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಚೌಕಕ್ಕೆ ಹಗ್ಗ ಕಟ್ಟಿ ಎಣಿಸಿದೆ: ಚಿಗುರಿದ ಬುಡಗಳು 37. ಕಡಿಸಿದ ಕೆಳಗಿನ ಭಾಗದಲ್ಲಿ ಅಂಥದ್ದೇ ಚೌಕದಲ್ಲಿ 14 ಸಿಕ್ಕವು. ಯಂತ್ರದವರು ಬುಡಗಳನ್ನು ನೆಲಮಟ್ಟಕ್ಕಿಂತಲೂ ಕೆಳಗೆ, ಆ ಕತ್ತಿನ ಭಾಗವೇ ಹೋಗುವಂತೆ ಕೊಯ್ದಿದ್ದರು.

ಶುಚಿ ಮಾಡಿದ್ದರಿಂದ ಆದ ಇನ್ನೊಂದು ನಷ್ಟ ನನಗೆ ಎರಡನೆಯ ವರ್ಷ ಹೊಳೆಯಿತು. ಮೇಲೆ ಉಳಿದ ಸತ್ತ ಮರಗಳ ಬೋಳು ಕೊಂಬೆಗಳಲ್ಲಿ ಸಂಜೆಗೆ ಪಿಕಳಾರಗಳು ಬಂದು ಕೂರುತ್ತವೆ. ಬೆಂಕಿ ಒಳಹೊಗದ ನಾಗಬನ ಅಲ್ಲಿಂದ ಕೂಗಳತೆಯ ದೂರ. ಅದರ ನೆರಳೂ, ಒದ್ದೆ ತರಗೂ ಕಿಚ್ಚನ್ನು ಅಂಚಿನಲ್ಲೇ ನಿಲ್ಲಿಸಿದ್ದವು. ಬನದ ಹಣ್ಣು ತಿಂದ ಹಕ್ಕಿಗಳು ಈ ಕೊಂಬೆಗಳಲ್ಲಿ ಕೂತು ಹಿಕ್ಕೆ ಹಾಕಿದಲ್ಲೆಲ್ಲ, ಸರಿಯಾಗಿ ಸತ್ತ ಮರದ ಬುಡದ ಸುತ್ತ, ನಾನು ನೆಡದ, ಸಂಸ್ಥೆಯೂ ನೆಡದ ಸಸಿಗಳು ಹುಟ್ಟಿವೆ. ಕಡಿಸಿದ ಕೆಳಗಿನ ಎರಡು ಎಕರೆಯಲ್ಲಿ ಕೂರಲು ಕೊಂಬೆಯಿಲ್ಲ, ಸಸಿಯೂ ಇಲ್ಲ.

ಇನ್ನು ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ಕಣಿ ತೋಡಿದ ಕೆಲಸ ಚೆನ್ನಾಗಿತ್ತು. ಕಾಡು ಸುಟ್ಟ ವರ್ಷ ಅತ್ಯಂತ ಅಪಾಯದ ಹೊತ್ತು ಬೆಂಕಿಯದ್ದಲ್ಲ, ಅದರ ನಂತರದ ಮೊದಲ ದೊಡ್ಡ ಮಳೆಯದ್ದು. ಎಲೆ ಹೊದಿಕೆ ಹೋಗಿರುತ್ತದೆ. ಸುಟ್ಟ ಎಲೆಯ ಮೇಣದಂಥ ಅಂಶ ಮಣ್ಣಿನ ಕಣಗಳಿಗೆ ಅಂಟಿ ಕೆಲವು ಕಡೆ ನೀರೇ ಇಳಿಯುವುದಿಲ್ಲ. ಬೂದಿಯಲ್ಲಿ ಸುಣ್ಣ, ಪೊಟ್ಯಾಶ್, ರಂಜಕ ಉಳಿದಿರುತ್ತವೆ, ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗಿರುತ್ತದೆ. ಆ ಉಳಿದ ಗೊಬ್ಬರವೂ ಮೊದಲ ಮಳೆಗೆ ತೋಡು ಸೇರಿದರೆ ಗುಡ್ಡೆ ಎರಡು ಸಲ ಸುಟ್ಟ ಹಾಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಆಳುಗಳು ಮೇ ತಿಂಗಳ ಬಿಸಿಲಲ್ಲಿ, ಪಿಕ್ಕಾಸಿಗೆ ಕಿಡಿ ಹಾರುವ ಮುರಕಲ್ಲಿನಲ್ಲಿ, ಅಡ್ಡಡ್ಡವಾಗಿ ಇಪ್ಪತ್ತೆರಡು ಕಣಿ ತೋಡಿದರು. ಮೇ ಕೊನೆಯ ಪತ್ತನಾಜೆ ಕಳೆದು ಬಂದ ಮೊದಲ ಜೋರು ಮಳೆಗೆ ನಾನು ಕೊಡೆ ಹಿಡಿದು ಮೇಲೆ ಹೋಗಿ ನೋಡಿದೆ. ಕಪ್ಪು ಕಷಾಯದಂಥ ನೀರು ಒಂದು ಕಣಿ ತುಂಬಿ ಇನ್ನೊಂದಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ತೋಟಕ್ಕೆ ಬರುವಷ್ಟರಲ್ಲಿ ಅದು ಚಹಾದ ಬಣ್ಣಕ್ಕೆ ತಿಳಿಯಾಗಿತ್ತು. ಆಗಸ್ಟ್‌ನಲ್ಲಿ ಕಣಿಯೊಳಗೆ ಕೈ ಹಾಕಿದರೆ ಮೊಣಕೈವರೆಗೆ ನುಣುಪು ಮಣ್ಣು ಸಿಗುತ್ತಿತ್ತು. ಈ ಕೆಲಸಕ್ಕೆ ಅವರು ಪಡೆದ 22,000 ರೂಪಾಯಿಯಲ್ಲಿ ಒಂದು ಪೈಸೆಯೂ ಹೆಚ್ಚಲ್ಲ.

ಸಸಿಗಳ ವಿಷಯಕ್ಕೆ ಬಂದರೆ ಹೊಗಳಲು ಏನೂ ಉಳಿಯುವುದಿಲ್ಲ. ಜೂನ್ ಮೊದಲ ವಾರ ಬರಬೇಕಾದ ಸಸಿಗಳು ಆಗಸ್ಟ್ 20ಕ್ಕೆ ಬಂದವು. ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿದರೆ ಬೇರು ಒಳಗೇ ಸುತ್ತಿಕೊಂಡು ಸಿಂಬೆಯಂತಾಗಿತ್ತು. ಅಂಥ ಬೇರು ಮುರಕಲ್ಲಿನ ಬಿರುಕು ಹುಡುಕಿಕೊಂಡು ಕೆಳಗಿಳಿಯುವುದಿಲ್ಲ, ಗುಂಡಿಯ ಸಡಿಲ ಮಣ್ಣಿನಲ್ಲೇ ತಿರುಗುತ್ತದೆ. ಫೆಬ್ರವರಿಯಲ್ಲಿ ಗುಂಡಿ ಒಣಗಿದಾಗ ಗಿಡವೂ ಒಣಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಜಾತಿಯ ಆಯ್ಕೆಯಲ್ಲಿತ್ತು. 1,500ರಲ್ಲಿ 400 ಧೂಪದ ಸಸಿಗಳು. ಧೂಪ ನಮ್ಮ ಪಶ್ಚಿಮಘಟ್ಟದ್ದೇ ಮರ, ಕೇಳಲು ಗೌರವದ ಹೆಸರು. ಆದರೆ ಅದು ನಿತ್ಯಹರಿದ್ವರ್ಣ ಕಾಡಿನ ಮರ. ಎಳೆತನದಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವಂಥದ್ದು. ಅದನ್ನು ನೆರಳೇ ಇಲ್ಲದ, ಕೈ ಸುಡುವ ಕಲ್ಲಿನ ಇಳಿಜಾರಿನಲ್ಲಿ ನೆಟ್ಟರೆ ಏನಾಗಬೇಕೋ ಅದೇ ಆಯಿತು. ಮುಂದಿನ ವಿಷುವಿಗೆ ಒಂದೂ ಉಳಿದಿರಲಿಲ್ಲ. ಸಂಸ್ಥೆಯ ಎರಡನೆಯ ವರದಿಯಲ್ಲಿ ಬದುಕಿದ ಸಸಿಗಳ ಪ್ರಮಾಣ ಶೇ. 85 ಎಂದಿತ್ತು. ನಾನು, ನನ್ನ ಮಗಳು, ಆ ಹಿರಿಯರು ಮೂವರೂ ಒಂದು ಭಾನುವಾರ ಗುಂಡಿ ಗುಂಡಿ ನೋಡಿ ಎಣಿಸಿದೆವು; ಮೂರನೆಯ ಮಳೆಗಾಲದ ನಂತರ ಜೀವಂತ ಇರುವುದು 210. ಅವುಗಳಲ್ಲಿ ಬಹುತೇಕ ನೇರಳೆ ಮತ್ತು ಪುನರ್ಪುಳಿ. ಸಂಸ್ಥೆಯವರು ಉಚಿತವೆಂದು ಎರಚಿಹೋದ, ಮಣ್ಣಿನಲ್ಲಿ ಬೀಜ ಸೇರಿಸಿ ಕಟ್ಟಿದ ಬೀಜದುಂಡೆಗಳ ಬಗ್ಗೆ ಬರೆಯುವಷ್ಟೇನೂ ಇಲ್ಲ, ಇಲಿ ಇರುವೆಗಳಿಗೆ ಹಬ್ಬವಾಯಿತು.

ಅದೇ ವರದಿಯಲ್ಲಿ "ಸಹಜ ಪುನರುತ್ಪತ್ತಿ: ಅತ್ಯುತ್ತಮ" ಎಂಬ ತಲೆಬರಹದ ಕೆಳಗೆ ಒಂದು ಚಿತ್ರವಿತ್ತು. ಅದರಲ್ಲಿ ಒತ್ತೊತ್ತಾಗಿ ಎದ್ದಿದ್ದುದು ಹೊರನಾಡಿನ ಅಕೇಶಿಯಾ. ಗಟ್ಟಿ ಸಿಪ್ಪೆಯ ಅದರ ಬೀಜಕ್ಕೆ ಬೆಂಕಿಯ ಕಾವು ಬಾಗಿಲು ತೆರೆದ ಹಾಗೆ. ನರ್ಸರಿಯವರು ಬಿತ್ತುವ ಮೊದಲು ಅದಕ್ಕೆ ಬಿಸಿನೀರು ಹಾಕುವುದು ಸುಮ್ಮನೆ ಅಲ್ಲ. ಸುಟ್ಟ ನೆಲದಲ್ಲಿ ಮೊದಲು ಬಂದು ಕೂರುವವರೆಲ್ಲ ಕಾಡಿನವರಲ್ಲ ಎನ್ನುವುದನ್ನು ಇಂಥ ಸೇವೆ ಕೊಡುವವರು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿರಬೇಕಿತ್ತು. ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕಳೆಯದ್ದು ಇನ್ನೂ ದೊಡ್ಡ ಉಪದ್ರ. ಸುಟ್ಟರೂ ಬುಡದಿಂದ ಚಿಗುರುತ್ತದೆ, ಬೀಜ ಗಾಳಿಯಲ್ಲಿ ಹಾರುತ್ತದೆ, ಒಣಗಿ ನಿಂತರೆ ಸೀಮೆಎಣ್ಣೆ ಹಾಕಿದಂತೆ ಉರಿಯುತ್ತದೆ. ಅಂದರೆ ಒಂದು ಬೆಂಕಿಯಿಂದ ಹೆಚ್ಚಿ, ಮುಂದಿನ ಬೆಂಕಿಗೆ ತಾನೇ ಸೌದೆಯಾಗುವ ಗಿಡ. ಇದನ್ನು ಹೂ ಬಿಡುವ ಮೊದಲು, ಹೆಚ್ಚೆಂದರೆ ನವೆಂಬರ್ ಒಳಗೆ, ಸವರಬೇಕು. ಸಂಸ್ಥೆಯವರು ಬಂದದ್ದು ಜನವರಿ ಕೊನೆಗೆ, ಬೀಜ ಹಾರಿಹೋದ ಮೇಲೆ. ಕೇಳಿದರೆ, ಕರಾರಿನಲ್ಲಿ "ವರ್ಷಕ್ಕೊಮ್ಮೆ" ಎಂದಷ್ಟೇ ಇದೆ, ಯಾವ ತಿಂಗಳೆಂದು ಇಲ್ಲ ಎಂದರು. ಹೇಳಿದ್ದು ಸತ್ಯವೇ. ಓದುಗರಲ್ಲಿ ಯಾರಾದರೂ ಇಂಥ ಕರಾರಿಗೆ ಸಹಿ ಹಾಕುವವರಿದ್ದರೆ, ತಿಂಗಳನ್ನು ಬರೆಸಿಕೊಳ್ಳಿ.

ಬೆಂಕಿ ರೇಖೆಗೆ ಮಾತ್ರ ಪೂರ್ತಿ ಅಂಕ. ಮೊದಲ ವರ್ಷದ ಕೊನೆಗೆ ಮೇಲಿನ ಪದವಿನ ಗಡಿಯುದ್ದಕ್ಕೂ ಹದಿನೈದು ಅಡಿ ಅಗಲಕ್ಕೆ ಹುಲ್ಲು, ತರಗು ತೆಗೆದು ನೆಲ ಕಾಣುವಂತೆ ಮಾಡಿದ್ದರು. 2023ರ ಮಾರ್ಚ್‌ನಲ್ಲಿ ಪದವಿಗೆ ಮತ್ತೆ ಬೆಂಕಿ ಬಿದ್ದು, ಈ ಬೋಳು ಪಟ್ಟಿಯ ತನಕ ಬಂದು ಸತ್ತಿತು. ಆ ದಿನ ರೇಖೆ ಇಲ್ಲದಿದ್ದರೆ ಹಿಂದಿನ ವರ್ಷದ ಬುಡಚಿಗುರುಗಳೆಲ್ಲ, ಆಳೆತ್ತರವೂ ಆಗದೆ, ಮತ್ತೆ ಹೋಗುತ್ತಿದ್ದವು. ಬೇರಿನ ಉಳಿತಾಯದಿಂದ ಒಮ್ಮೆ ಎದ್ದ ಮರಕ್ಕೆ, ಅದನ್ನು ತುಂಬಿಕೊಳ್ಳುವ ಮೊದಲೇ ಇನ್ನೊಮ್ಮೆ ಏಳಬೇಕಾಗಿ ಬರುವುದು ಸಾಲದ ಮೇಲೆ ಸಾಲ. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಜಾಗದ ಮರಗಳಿಗೆ, ಒಂದು ಸೆಂಟಿಮೀಟರ್ ದಪ್ಪದವುಗಳಿಗೂ, ಸಂಖ್ಯೆ ಕೊಟ್ಟು ನೋಡಿಕೊಂಡು ಬಂದಿದ್ದಾರೆ. ಅಲ್ಲಿ ಕಂಡದ್ದೂ ಇದೇ: ದೊಡ್ಡ ಮರ ಬೆಂಕಿಯನ್ನು ತಡೆದುಕೊಳ್ಳುತ್ತದೆ, ಸಣ್ಣದು ನೆಲದ ಮೇಲೆ ಸತ್ತು ನೆಲದ ಕೆಳಗಿನಿಂದ ಮತ್ತೆ ಬರುತ್ತದೆ. ಬೆಂಕಿ ಬೇಗ ಬೇಗ ಬರುತ್ತಿದ್ದರೆ ಸಣ್ಣದು ದೊಡ್ಡದಾಗುವ ದಿನವೇ ಬರುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದು ಎಲ್ಲರಿಗೂ ನೆನಪಿದೆ. ಅಂಥ ಕಾಡಿನ ದಾರಿಯಲ್ಲಿ ಮಳೆಗಾಲಕ್ಕೆ ಹುಲ್ಲು ಹಸಿರಾಗಿರುವುದನ್ನು ಕಂಡು ಕಾಡು ಬಂತೆಂದು ನಾವು ಸಮಾಧಾನ ಪಡುತ್ತೇವೆ. ಹುಲ್ಲಿಗೆ ಒಂದು ಮಳೆ ಸಾಕು. ನಡುವಯಸ್ಸಿನ ಮರಗಳಿಗೆ ಬೇಕಾದದ್ದು ಬೆಂಕಿಯಿಲ್ಲದ ವರ್ಷಗಳ ಒಂದು ಸಾಲು, ಅದನ್ನು ಯಾವ ನರ್ಸರಿಯೂ ತೊಟ್ಟೆಯಲ್ಲಿ ಕಟ್ಟಿ ಕೊಡುವುದಿಲ್ಲ.

ಹಾಗೆಂದು ನೆಡುವುದೇ ಎಲ್ಲ ಕಡೆಯೂ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದಲ್ಲೇ ಮೌಂಟನ್ ಆಶ್ ಎಂಬ ನೀಲಗಿರಿ ಜಾತಿ ತೀವ್ರ ಬೆಂಕಿಗೆ ಸತ್ತೇಹೋಗುತ್ತದೆ; ಬೀಜದಿಂದಲೇ ಮರಳಬೇಕು, ಹೊಸ ಮರ ಸಾಕಷ್ಟು ಬೀಜ ಕಟ್ಟಲು ಇಪ್ಪತ್ತು ವರ್ಷದಷ್ಟು ಬೇಕು. ಅದರೊಳಗೆ ಇನ್ನೊಂದು ಬೆಂಕಿ ಬಂದರೆ ಬೀಜವೇ ಇಲ್ಲ, ಆಗ ವಿಮಾನದಿಂದ ಬೀಜ ಬಿತ್ತುತ್ತಾರೆ. ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೊಯಾ ಮರಗಳು ಸಾವಿರಾರು ವರ್ಷ ಬೆಂಕಿಯೊಂದಿಗೇ ಬದುಕಿದವು. ಆದರೂ 2020ರ ಒಂದೇ ಬೆಂಕಿಯಲ್ಲಿ ಲೋಕದಲ್ಲಿದ್ದ ದೊಡ್ಡ ಸಿಕ್ವೊಯಾಗಳಲ್ಲಿ ಶೇ. 10ರಿಂದ 14 ಸತ್ತವೆಂದು ಅಲ್ಲಿಯವರು ಅಂದಾಜು ಮಾಡಿದರು. ನಮ್ಮಲ್ಲೂ ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ ಬೆಂಕಿ ಹೊಕ್ಕರೆ ಕಥೆ ಬೇರೆಯೇ. ಅಲ್ಲಿನ ಅನೇಕ ಮರಗಳ ತೊಗಟೆ ತೆಳು. ಧೂಪ, ಕಿರಾಲ್‌ಬೋಗಿಗಳ ಬೀಜ ಕೆಲವೇ ವಾರ ಜೀವ ಹಿಡಿಯುತ್ತದೆ, ಮಣ್ಣಿನಲ್ಲಿ ಕಾದು ಕೂರುವುದಿಲ್ಲ. ಹತ್ತಿರದಲ್ಲಿ ತಾಯಿಮರ ಉಳಿಯದಿದ್ದರೆ ಅಂಥ ಕಡೆ ನೆಟ್ಟೇ ತರಬೇಕು, ಅದೂ ಮೊದಲು ನೆರಳಿನ ಗಿಡ ಎಬ್ಬಿಸಿ, ಹತ್ತಾರು ವರ್ಷದ ತಾಳ್ಮೆಯಿಟ್ಟು. ಕಲ್ಲುಕೋರೆ ಮಾಡಿ ಬಿಟ್ಟ, ಬೇರೂ ಬೀಜವೂ ಇಲ್ಲದ ಜಾಗವಿದ್ದವರಿಗೂ ಈ ಸಂಸ್ಥೆಯ ಸಸಿ ಉಪಯೋಗವಾದೀತು, ಜೂನ್‌ನಲ್ಲೇ ತಂದುಕೊಡುವುದಾದರೆ. ಬೇರು ಜೀವಂತವಿರುವ ನನ್ನಂಥ ಗುಡ್ಡೆಗೆ ಬೇಕಾಗಿದ್ದದ್ದು ಕಣಿ, ಸವರುವ ಕತ್ತಿ, ಬೆಂಕಿ ರೇಖೆ, ಮತ್ತು ಒಂದೊಂದು ಬುಡದಿಂದ ಎದ್ದ ಎಂಟು ಹತ್ತು ಚಿಗುರಿನಲ್ಲಿ ಎರಡನ್ನು ಉಳಿಸಿ ಬಾಕಿಯದ್ದನ್ನು ತೆಗೆಯುವ ತಿಳಿದ ಕೈ. ಈ ಕೊನೆಯ ಕೆಲಸ ಅವರ ಪಟ್ಟಿಯಲ್ಲೇ ಇರಲಿಲ್ಲ.

ನಡವಳಿಕೆಯಲ್ಲಿ ಅವರ ಮೇಲೆ ದೂರಿಲ್ಲ. ಫೋನ್ ತೆಗೆಯುತ್ತಾರೆ, ಆಳುಗಳಿಗೆ ಸಂಬಳ ಸರಿಯಾಗಿ ಕೊಡುತ್ತಾರೆ, ಗೇಟು ಹಾಕಿ ಹೋಗುತ್ತಾರೆ. ಐದರಲ್ಲಿ ಎರಡೂವರೆ ಕೊಟ್ಟಿದ್ದೇನೆ. ಕಣಿಗೆ ಮತ್ತು ರೇಖೆಗೆ ಎರಡು, ಆ 210 ಸಸಿಗಳಿಗೆ ಅರ್ಧ.

ಹೋದ ತಿಂಗಳು ಕರಾರು ಮುಂದುವರಿಸುವಿರಾ ಎಂದು ಅವರ ಕಚೇರಿಯಿಂದ ಫೋನ್ ಬಂತು. ಸಸಿ ಬೇಡ, ನವೆಂಬರ್‌ನಲ್ಲಿ ಕಳೆ ಸವರಿ ಧನು ಮಾಸದಲ್ಲಿ ಬೆಂಕಿ ರೇಖೆ ಮಾಡಿಕೊಡುವುದಕ್ಕೆ ಮಾತ್ರ ಎಷ್ಟಾಗುತ್ತದೆ ಎಂದು ಕೇಳಿದೆ. ಆ ಹುಡುಗಿ ಸ್ವಲ್ಪ ಹೊತ್ತು ಪಟ್ಟಿ ನೋಡಿ, "ಸಾರ್, ಸಸಿ ಇಲ್ಲದ ಪ್ಯಾಕೇಜ್ ನಮ್ಮಲ್ಲಿ ಇಲ್ಲವಲ್ಲ" ಎಂದಳು. ಈ ವರ್ಷದ ರೇಖೆಯನ್ನು ನೆರೆಮನೆಯವರೂ ನಾವೂ ಖರ್ಚು ಹಂಚಿಕೊಂಡು, ಆ ಹಿರಿಯರ ಮೇಲ್ವಿಚಾರಣೆಯಲ್ಲಿ ನಾಲ್ಕು ಜನರಿಂದ ಮಾಡಿಸುತ್ತಿದ್ದೇವೆ. ಚಿಗುರು ಬಿಡಿಸುವ ಕೆಲಸವನ್ನು ಅವರು ಮೇಲಿನ ಎರಡು ಎಕರೆಯಿಂದ ಆಗಲೇ ಶುರು ಮಾಡಿದ್ದಾರೆ.